ಹೊಂಡ ತೋಡಿದ್ದು ನೀವು, ಮೀನು ಬಿಟ್ಟಿದ್ದು ಯಾರು?

ಪ್ರಶ್ನೆ: ನಮ್ಮದು ಹಿರಿಯೂರು ಕಡೆಯ ಒಣಭೂಮಿ. ಮೂರು ವರ್ಷದ ಹಿಂದೆ ಹೊಲದ ಮೂಲೆಯಲ್ಲಿ ಕೃಷಿ ಹೊಂಡ ತೆಗೆಸಿದೆವು. ಪ್ಲಾಸ್ಟಿಕ್ ಹಾಳೆ ಹಾಸಿಲ್ಲ, ಬರೀ ಮಣ್ಣು. ಮಳೆ ನೀರು ಬಿಟ್ಟರೆ ಬೇರೆ ನೀರು ಸೇರುವುದಿಲ್ಲ. ಹತ್ತಿರದ ಕೆರೆ ಎರಡು ಕಿಲೋಮೀಟರ್ ದೂರದಲ್ಲಿದೆ. ಆದರೂ ಈಗ ಹೊಂಡದ ತುಂಬ ಕಪ್ಪೆ, ಸಣ್ಣ ಬಸವನಹುಳು. ಅಂಚಿನಲ್ಲಿ ಜೊಂಡು ಬೆಳೆದಿದೆ. ಹೋದ ವರ್ಷದಿಂದ ಮೀನೂ ಕಾಣುತ್ತಿವೆ. ಅರ್ಧ ಬೆರಳಿನಷ್ಟು ಉದ್ದ, ಯಾವಾಗಲೂ ನೀರಿನ ಮೇಲ್ಗಡೆಯೇ ಓಡಾಡುತ್ತವೆ. ನಾವ್ಯಾರೂ ಬಿಟ್ಟಿಲ್ಲ. ಮಳೆಯ ಜೊತೆ ಬಿದ್ದವು ಅಂತಾರೆ ನಮ್ಮಪ್ಪ. ಬಾತುಕೋಳಿ ಕಾಲಿಗೆ ಮೊಟ್ಟೆ ಅಂಟಿಕೊಂಡು ಬಂದಿರಬೇಕು ಅಂತಾರೆ ಮಗಳ ಮೇಷ್ಟ್ರು. ಇದರ ಮಧ್ಯೆ ಪಂಪ್‌ಮನೆ ಗೋಡೆಯಲ್ಲಿ ಅರಳಿ ಗಿಡ ಬೇರೆ ಹುಟ್ಟಿದೆ. ಇವೆಲ್ಲ ಹೊಸ ಜಾಗಕ್ಕೆ ಬರುವುದು ಹೇಗೆ? ಆ ಅರಳಿಯನ್ನು ಕೀಳಬಹುದಾ? ಮನೆಯಲ್ಲಿ ಬೇಡ ಅಂತಿದ್ದಾರೆ.

ಉತ್ತರ: ಮೀನಿನಿಂದಲೇ ಶುರು ಮಾಡೋಣ. ನಿಮ್ಮ ಮನೆಯ ಜಗಳ ಇರುವುದು ಅಲ್ಲೇ ಅಲ್ವಾ?

ನಿಮ್ಮ ತಂದೆಯವರ ಮಾತನ್ನು ಪೂರ್ತಿ ತಳ್ಳಿಹಾಕುವ ಹಾಗಿಲ್ಲ. ನೀರಿನ ಮೇಲೆ ಎದ್ದ ಸುಂಟರಗಾಳಿ ಸಣ್ಣ ಮೀನುಗಳನ್ನು ಎತ್ತಿ ಬೇರೆಡೆ ಚೆಲ್ಲಬಲ್ಲದು. ಆದರೆ ಅದು ತೀರಾ ಅಪರೂಪ. ಮಳೆಯ ಮಾರನೇ ದಿನ ಹೊಲದಲ್ಲಿ ಮೀನು ಬಿದ್ದಿರುವುದನ್ನು ಕಂಡವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವುಗಳಲ್ಲಿ ಹೆಚ್ಚಿನವು ಆಕಾಶದಿಂದ ಬಿದ್ದವಲ್ಲ, ನೆಲದ ಮೇಲೆ ಈಜಿ ಬಂದವು. ಮಲೆನಾಡಿನವರನ್ನು ಕೇಳಿ ನೋಡಿ, 'ಹತ್ತುಮೀನು' ಅಂತಾರೆ. ಮೊದಲ ಜೋರು ಮಳೆಗೆ ಹೊಳೆಯ ಮೀನು ಹಳ್ಳಕ್ಕೆ, ಹಳ್ಳದ್ದು ಗದ್ದೆಗೆ ಹತ್ತುತ್ತವೆ. ಮೊಟ್ಟೆ ಇಡಲು ಹೊಸ ನೀರು ಹುಡುಕಿಕೊಂಡು ಹೊರಡುತ್ತವೆ. ಕೊರವ, ಮುರುಗೋಡು ಇನ್ನೂ ಗಟ್ಟಿಗರು. ಅವಕ್ಕೆ ಹೊರಗಿನ ಗಾಳಿಯನ್ನೂ ಉಸಿರಾಡಲು ಬರುತ್ತದೆ. ಒದ್ದೆ ಹುಲ್ಲಿನ ಮೇಲೆ ತೆವಳಿಕೊಂಡು ಒಂದು ಹೊಂಡದಿಂದ ಇನ್ನೊಂದಕ್ಕೆ ದಾಟಿಬಿಡುತ್ತವೆ. ಬೆಳಗ್ಗೆ ಎದ್ದು ಹೊಲದಲ್ಲಿ ಅಂಥ ಮೀನು ನೋಡಿದವರು ಆಕಾಶದ ಕಡೆ ನೋಡಿದರೆ ತಪ್ಪೇನಲ್ಲ.

ಮೇಷ್ಟ್ರ ಮಾತಿಗೂ ಆಧಾರವಿದೆ. ಬಾತಿನ ಕಾಲಿಗೆ ಮೊಟ್ಟೆ ಅಂಟಿ ಬರುತ್ತದೆ ಎಂದು ತುಂಬ ಕಾಲದಿಂದ ಹೇಳುತ್ತಿದ್ದರು, ಆದರೆ ತೋರಿಸಿಕೊಟ್ಟವರು ಯಾರೂ ಇರಲಿಲ್ಲ. 2020ರಲ್ಲಿ ಹಂಗೇರಿಯ ವಿಜ್ಞಾನಿಗಳು ಕಾಲನ್ನು ಬಿಟ್ಟು ಹೊಟ್ಟೆಯನ್ನು ನೋಡಿದರು. ಬಾತುಗಳಿಗೆ ಕಾರ್ಪ್ ಜಾತಿಯ ಮೀನುಗಳ ಸಾವಿರಾರು ಮೊಟ್ಟೆ ತಿನ್ನಿಸಿ ಹಿಕ್ಕೆ ಹುಡುಕಿದರು. ಸಾವಿರಕ್ಕೆ ಎರಡರಷ್ಟು ಮೊಟ್ಟೆ ಇಡಿಯಾಗಿ ಹೊರಬಂದಿದ್ದವು. ಅವುಗಳಲ್ಲಿ ಕೆಲವು ಒಡೆದು ಮರಿಯೂ ಆದವು. ಸಾವಿರಕ್ಕೆ ಎರಡು ಅಂದರೆ ನಗು ಬರಬಹುದು. ಆದರೆ ಒಂದು ಕಾರ್ಪ್ ಲಕ್ಷಗಟ್ಟಲೆ ಮೊಟ್ಟೆ ಇಡುತ್ತದೆ, ಅವನ್ನು ಮುಕ್ಕಲು ಬಾತುಗಳ ಹಿಂಡೇ ಬರುತ್ತದೆ. ಆ ಲೆಕ್ಕದಲ್ಲಿ ಇದು ಸಣ್ಣ ಸಂಖ್ಯೆಯಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ನಿಮ್ಮ ಹೊಂಡದ ವಿಷಯದಲ್ಲಿ ಇಬ್ಬರೂ ಸೋಲುತ್ತಾರೆ ಅನ್ನುವುದು ನನ್ನ ಅಂದಾಜು. ಅರ್ಧ ಬೆರಳುದ್ದ, ಸದಾ ನೀರಿನ ಮೇಲ್ಗಡೆ ಓಡಾಟ ಅಂದಿರಲ್ಲ, ಅದು ಗಪ್ಪಿ ಅಥವಾ ಗ್ಯಾಂಬೂಸಿಯಾ ಇರುವ ಸಾಧ್ಯತೆ ಜಾಸ್ತಿ. ಎರಡೂ ಅಮೆರಿಕ ಖಂಡಗಳ ಕಡೆಯ ಮೀನುಗಳು. ಸೊಳ್ಳೆ ಮರಿ ತಿನ್ನುತ್ತವೆ ಅಂತ ಇವನ್ನು ಇಲ್ಲಿಗೆ ತಂದು ಸುಮಾರು ನೂರು ವರ್ಷ ಆಯಿತು. ಮಲೇರಿಯಾ ತಡೆಯಲು ಬಾವಿ, ಕುಂಟೆ, ತೊಟ್ಟಿಗಳಿಗೆ ಇವತ್ತಿಗೂ ಬಿಡುತ್ತಾರೆ. ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಇವು ಮೊಟ್ಟೆ ಇಡುವುದೇ ಇಲ್ಲ, ನೇರವಾಗಿ ಮರಿ ಹಾಕುತ್ತವೆ. ಮೊಟ್ಟೆಯೇ ಇಲ್ಲ ಅಂದ ಮೇಲೆ ಬಾತಿನ ಕಾಲಿಗೆ ಅಂಟುವುದೇನು, ಹೊಟ್ಟೆಯಿಂದ ದಾಟುವುದೇನು? ಹಾಗಾಗಿ ಬಂದಿದ್ದು ಯಾರದೋ ಬಕೆಟ್‌ನಲ್ಲಿ. ಸೊಳ್ಳೆ ಕಾಟ ತಡೆಯೋಣ ಅಂತ ಯಾರೋ ಒಳ್ಳೆ ಮನಸ್ಸಿನಿಂದ ಬಿಟ್ಟಿರಬಹುದು. ಅಥವಾ ಶಾಲೆ ಬಿಟ್ಟು ಬರುವ ಮಕ್ಕಳ ನೀರಿನ ಬಾಟಲಿ. ಮಗಳನ್ನು ಸ್ವಲ್ಪ ಮೆಲ್ಲಗೆ ವಿಚಾರಿಸಿ, ಬೈಯಬೇಡಿ. ಒಂದೇ ಒಂದು ಬಸಿರಿ ಹೆಣ್ಣು ಸಾಕು. ಗಂಡಿನ ವೀರ್ಯವನ್ನು ಅದು ತಿಂಗಳುಗಟ್ಟಲೆ ಒಳಗೇ ಕೂಡಿಟ್ಟುಕೊಂಡು ಮತ್ತೆ ಮತ್ತೆ ಮರಿ ಹಾಕುತ್ತದೆ.

ಆದರೂ ಒಮ್ಮೆ ಬಗ್ಗಿ ನೋಡಿ. ಮೀನಿನ ನೆತ್ತಿಯ ಮೇಲೆ ಬೆಳ್ಳಿಯ ಬೊಟ್ಟು ಇಟ್ಟ ಹಾಗೆ ಒಂದು ಚುಕ್ಕೆ ಹೊಳೆಯುತ್ತಿದ್ದರೆ ನಾನು ಹೇಳಿದ್ದು ತಪ್ಪು. ಆಗ ಅದು ನಮ್ಮದೇ ನೆಲದ ಒಂದು ಪುಟ್ಟ ಮೀನು, ನೀರಿನ ಗಿಡಗಳಿಗೆ ಮೊಟ್ಟೆ ಅಂಟಿಸುವ ಜಾತಿ. ಅದು ಬರಲು ಮಳೆಗಾಲದ ಹರಿನೀರು ಸಾಕು.

ಉಳಿದವರ ವಿಷಯ ಇನ್ನೂ ರುಚಿಯಾಗಿದೆ. ಜೊಂಡಿನ ಕಥೆ ಸುಲಭದ್ದು. ಅದರ ಆ ಕಂದು ಕೋಲನ್ನು ಒಣಗಿದ ಮೇಲೆ ಮುರಿದು ಊದಿ, ಗಾಳಿಯ ತುಂಬ ಹತ್ತಿ. ಒಂದು ಕೋಲಿನಲ್ಲಿ ಲಕ್ಷಕ್ಕೂ ಹೆಚ್ಚು ಬೀಜ ಇರುತ್ತವೆ. ಅವುಗಳಲ್ಲಿ ಎಷ್ಟು ನಿಮ್ಮ ಜೋಳದ ಹೊಲದ ಮೇಲೆ, ಮನೆ ಮಾಡಿನ ಮೇಲೆ, ರಸ್ತೆಯ ಮೇಲೆ ಬಿದ್ದು ಸತ್ತವೋ ಲೆಕ್ಕ ಇಟ್ಟವರಿಲ್ಲ. ಹೊಂಡದ ಒದ್ದೆ ಅಂಚಿಗೆ ಬಿದ್ದ ಒಂದೆರಡು ಮಾತ್ರ ನಿಮ್ಮ ಕಣ್ಣಿಗೆ ಬಿದ್ದವು. ಹೊಂಡ ತೋಡುವ ಮೊದಲೂ ಪ್ರತಿ ವರ್ಷ ಅವು ಬರುತ್ತಲೇ ಇದ್ದವು. ಇಳಿಯಲು ಜಾಗ ಇರಲಿಲ್ಲ, ಅಷ್ಟೇ.

ಈ ಕೊನೆಯ ಮಾತನ್ನು ಸ್ವಲ್ಪ ಹಿಡಿದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬಸವನಹುಳು ಹಾರಲಾರದು, ಎರಡು ಕಿಲೋಮೀಟರ್ ಒಣ ನೆಲದಲ್ಲಿ ತೆವಳಲಾರದು. ಇದೇ ಪ್ರಶ್ನೆ ಚಾರ್ಲ್ಸ್ ಡಾರ್ವಿನ್ ತಲೆಯನ್ನೂ ತಿಂದಿತ್ತು. ಸಿಹಿನೀರಿನ ಒಂದೇ ಜಾತಿಯ ಬಸವನಹುಳು ಒಂದಕ್ಕೊಂದು ಸಂಬಂಧವೇ ಇಲ್ಲದ ಕೆರೆಗಳಲ್ಲಿ ಇರುವುದು ಹೇಗೆ ಅಂತ ಅವರಿಗೆ ಅರ್ಥವಾಗಿರಲಿಲ್ಲ. ಅವರು ಏನು ಮಾಡಿದರು ಗೊತ್ತಾ? ಬಾತಿನ ಕಾಲೊಂದನ್ನು ಅಕ್ವೇರಿಯಂ ಒಳಗೆ ಇಳಿಬಿಟ್ಟರು. ಅದರಲ್ಲಿ ಬಸವನಹುಳುವಿನ ಮೊಟ್ಟೆಗಳು ಒಡೆಯುತ್ತಿದ್ದವು. ಆಗಷ್ಟೇ ಹೊರಬಂದ ಸಾಸಿವೆಯಂಥ ಮರಿಗಳು ಹತ್ತಿ ಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡವು. ನೀರಿನಿಂದ ಹೊರಗೆ ತೆಗೆದರೂ ತೇವದ ಗಾಳಿಯಲ್ಲಿ 12ರಿಂದ 20 ಗಂಟೆ ಬದುಕಿದವು. ಅಷ್ಟು ಹೊತ್ತಿನಲ್ಲಿ ಬಾತು ಸಾವಿರ ಕಿಲೋಮೀಟರ್ ಹಾರಬಲ್ಲದು ಅಂತ ಡಾರ್ವಿನ್ ಲೆಕ್ಕ ಹಾಕಿದರು. ನಿಮ್ಮ ಕೆರೆಗೂ ಹೊಂಡಕ್ಕೂ ಇರುವುದು ಎರಡೇ ಕಿಲೋಮೀಟರ್. ಬಾತು ಬೇಕಾಗಿಲ್ಲ, ಬೆಳ್ಳಕ್ಕಿ ಸಾಕು. ಮೇಷ್ಟ್ರಿಗೆ ಮೀನಿನಲ್ಲಿ ಹೋದ ಮರ್ಯಾದೆ ಬಸವನಹುಳುವಿನಲ್ಲಿ ವಾಪಸ್ ಸಿಕ್ಕಿತು ಅನ್ನಿ.

ಅದೇ ಮನುಷ್ಯ ಇನ್ನೊಂದು ಕೆಲಸ ಮಾಡಿದ್ದರು. ಒಂದು ಸಣ್ಣ ಕೊಳದ ಅಂಚಿನಿಂದ ಮೂರು ದೊಡ್ಡ ಚಮಚ ಕೆಸರು ತಂದರು. ಒಣಗಿಸಿ ತೂಗಿದಾಗ ಇನ್ನೂರು ಗ್ರಾಂಗೂ ಕಡಿಮೆ. ಒಂದು ಬಟ್ಟಲಿನಲ್ಲಿ ಹಾಕಿ ತಮ್ಮ ಓದುವ ಕೋಣೆಯಲ್ಲೇ ಆರು ತಿಂಗಳು ಮುಚ್ಚಿಟ್ಟರು. ಮೊಳೆತ ಒಂದೊಂದು ಸಸಿಯನ್ನೂ ಕಿತ್ತು ಎಣಿಸಿದರು. ಒಟ್ಟು 537 ಸಸಿ! ಹಕ್ಕಿಯ ಕಾಲಿನ ಬೆರಳ ಸಂದಿಯಲ್ಲಿ ಒಣಗಿದ ಒಂದು ಚೂರು ಕೆಸರಿನಲ್ಲಿ ಏನೆಲ್ಲ ಇರಬಹುದು ಯೋಚಿಸಿ. ಇದನ್ನು ನೀವೂ ಮಾಡಬಹುದು. ಕೆರೆಯಂಗಳದ ಒಣಮಣ್ಣು ಎರಡು ಹಿಡಿ ತಂದು ತಟ್ಟೆಯಲ್ಲಿ ನೀರು ಚಿಮುಕಿಸಿ ಇಡಿ. ಮಗಳ ಶಾಲೆಗೆ ಇದಕ್ಕಿಂತ ಒಳ್ಳೆ ಪ್ರಾಜೆಕ್ಟ್ ಸಿಗಲಾರದು. ಸೊಪ್ಪುಸದೆ ಮಾತ್ರ ಅಲ್ಲ, ಬರಿಗಣ್ಣಿಗೆ ಕಾಣದ ಎಷ್ಟೋ ನೀರಿನ ಜೀವಿಗಳ ಮೊಟ್ಟೆಗಳು ವರ್ಷಗಟ್ಟಲೆ ಒಣಮಣ್ಣಿನಲ್ಲಿ ಮಲಗಿರುತ್ತವೆ. ಆ ಮಣ್ಣು ಎತ್ತಿನ ಗೊರಸಿಗೆ, ಟ್ರ್ಯಾಕ್ಟರ್ ಚಕ್ರಕ್ಕೆ ಅಂಟಿಕೊಂಡರೂ ಪಯಣ ಹೊರಟ ಹಾಗೆಯೇ. ನಿಮ್ಮ ಹೊಂಡ ತೋಡಿದ ಯಂತ್ರ ಅದಕ್ಕೆ ಮೊದಲು ಯಾವ ಕೆರೆಯ ಹೂಳು ಎತ್ತುತ್ತಿತ್ತು, ನೆನಪಿದೆಯಾ?

ಡಾರ್ವಿನ್ ವಿಷಯ ಬಂದಿದ್ದರಿಂದ ಒಂದು ಅಡ್ಡಕಥೆ ಹೇಳಲೇಬೇಕು. 1882ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ನಾರ್ಥಾಂಪ್ಟನ್‌ನಿಂದ ಡಬ್ಲ್ಯು. ಡಿ. ಕ್ರಿಕ್ ಎಂಬ ಬೂಟು ತಯಾರಕ ಅವರಿಗೊಂದು ಕಾಗದ ಬರೆದ. ಹಾರಬಲ್ಲ ಒಂದು ನೀರುಜೀರುಂಡೆ ಸಿಕ್ಕಿದೆ, ಅದರ ಕಾಲನ್ನು ಪುಟ್ಟ ಚಿಪ್ಪುಜೀವಿಯೊಂದು ಕಚ್ಚಿ ಹಿಡಿದಿದೆ ಅಂತ. ಹಕ್ಕಿಯಷ್ಟೇ ಅಲ್ಲ, ಹುಳವೂ ಕಪ್ಪೆಚಿಪ್ಪನ್ನು ಹೊತ್ತು ಹಾರುತ್ತದೆ ಅಂದರೆ ಡಾರ್ವಿನ್‌ಗೆ ಖುಷಿಯೋ ಖುಷಿ. ಅದರ ಬಗ್ಗೆ ಬರೆದ ಟಿಪ್ಪಣಿ ಏಪ್ರಿಲ್ 6ರಂದು ಅಚ್ಚಾಯಿತು. 19ಕ್ಕೆ ಅವರು ತೀರಿಕೊಂಡರು. ಆ ಬೂಟಿನ ವ್ಯಾಪಾರಿಯ ಮೊಮ್ಮಗನೇ ಮುಂದೆ ಡಿಎನ್‌ಎ ರಚನೆ ಕಂಡುಹಿಡಿದ ಇಬ್ಬರಲ್ಲಿ ಒಬ್ಬರಾದ ಫ್ರಾನ್ಸಿಸ್ ಕ್ರಿಕ್.

ಕಪ್ಪೆಗಳು ಕಾಲ್ನಡಿಗೆಯವು. ಮಳೆ ರಾತ್ರಿಗಳಲ್ಲಿ ಎರಡು ಕಿಲೋಮೀಟರ್ ಅವಕ್ಕೆ ಆಗದ ದೂರವಲ್ಲ, ನಡುವೆ ಬದು, ಬಾವಿಗಟ್ಟೆ, ಒದ್ದೆ ತೋಟ ಸಿಕ್ಕರಾಯಿತು. ಆದರೆ ಉಪ್ಪುನೀರು ಅವಕ್ಕೆ ವಿಷ. ದೂರ ಸಮುದ್ರದ ಮಧ್ಯದ ದ್ವೀಪಗಳಲ್ಲಿ ಸಾಮಾನ್ಯವಾಗಿ ಕಪ್ಪೆ ಇರುವುದಿಲ್ಲ. ಹವಾಯಿಯಲ್ಲಿ ಒಂದೂ ಇರಲಿಲ್ಲ. ಆಮೇಲೆ ನರ್ಸರಿ ಗಿಡಗಳ ಕುಂಡದಲ್ಲಿ ಕೂತು ಪೋರ್ಟೊ ರಿಕೋದ ಒಂದು ಪುಟಾಣಿ ಕಪ್ಪೆ ಬಂತು. ಈಗ ಅದರ ಕೂಗಿಗೆ ಅಲ್ಲಿಯ ಜನ ರಾತ್ರಿ ನಿದ್ದೆ ಬರದೆ ಒದ್ದಾಡುತ್ತಾರೆ.

ನೀವು ಬರೆಯಲು ಮರೆತ ಒಬ್ಬ ನೆಂಟ ಇದ್ದೇ ಇರುತ್ತಾನೆ, ಏರೋಪ್ಲೇನ್ ಚಿಟ್ಟೆ. ಮಳೆಗಾಲ ಮುಗಿಯುವ ಹೊತ್ತಿಗೆ ಹೊಲದ ಮೇಲೆ ಹಿಂಡು ಹಿಂಡಾಗಿ ಹಾರುವ ಹಳದಿ ಮೈಯದು. ಮಳೆ ನೀರು ನಿಂತ ಗುಂಡಿಯಲ್ಲಿ ಮೊಟ್ಟೆ ಇಟ್ಟು, ಅದು ಬತ್ತುವುದರೊಳಗೆ ಒಂದೂವರೆ ತಿಂಗಳಲ್ಲಿ ಮರಿಯನ್ನು ರೆಕ್ಕೆ ಬಲಿಸಿ ಕಳಿಸುವ ಜಾತಿ ಅದು. ಮಾಲ್ಡೀವ್ಸ್‌ನಲ್ಲಿದ್ದ ಚಾರ್ಲ್ಸ್ ಆಂಡರ್ಸನ್ ಎಂಬ ಜೀವವಿಜ್ಞಾನಿಗೆ ಒಂದು ಅನುಮಾನ ಬಂತು. ಅಲ್ಲಿ ನಿಂತ ಸಿಹಿನೀರು ಇಲ್ಲವೇ ಇಲ್ಲ ಅನ್ನಬೇಕು. ಆದರೂ ಪ್ರತಿ ಅಕ್ಟೋಬರ್‌ನಲ್ಲಿ ಈ ಚಿಟ್ಟೆಗಳು ಲಕ್ಷಗಟ್ಟಲೆ ಬಂದಿಳಿಯುತ್ತವಲ್ಲ, ಎಲ್ಲಿಂದ? ವರ್ಷಗಟ್ಟಲೆ ದಿನಾಂಕ ಬರೆದಿಟ್ಟು, 2009ರಲ್ಲಿ ಅವರು ಹೇಳಿದ್ದು ಇದು: ಅವು ಭಾರತದಿಂದ ಗಾಳಿಯ ಬೆನ್ನೇರಿ ಹೊರಟು, ಮಾಲ್ಡೀವ್ಸ್ ದಾಟಿ, ಪೂರ್ವ ಆಫ್ರಿಕಕ್ಕೆ ಹೋಗುತ್ತವೆ. ಅಲ್ಲಿಯ ಮಳೆಯಲ್ಲಿ ಮರಿ ಮಾಡಿ, ಆ ಮರಿಗಳ ಮಕ್ಕಳು ಮತ್ತೆ ಇತ್ತ ಬರುತ್ತವೆ. ನಿಮ್ಮ ಹೊಂಡದಲ್ಲಿ ಹುಟ್ಟಿದ ಚಿಟ್ಟೆಯೊಂದು ಸೊಮಾಲಿಯಾದ ಗುಂಡಿಯಲ್ಲಿ ಮೊಟ್ಟೆ ಇಟ್ಟಿರಬಹುದು. ಪಾಸ್‌ಪೋರ್ಟ್ ಇಲ್ಲ, ಏನಿಲ್ಲ.

ಈಗ ಆಗಲೇ ಹಿಡಿದಿಟ್ಟುಕೊಳ್ಳಿ ಅಂದ ಮಾತಿಗೆ ಬರುತ್ತೇನೆ. ಜೀವಿಗಳು ಹೊಸ ಜಾಗಕ್ಕೆ ಹೇಗೆ ಬರುತ್ತವೆ ಅಂತ ಎಲ್ಲರೂ ಕೇಳುತ್ತಾರೆ. ಮೂವತ್ತು ವರ್ಷ ಇದೇ ಕೆಲಸ ಮಾಡಿದ ನನಗೆ ಬರುವುದು ದೊಡ್ಡ ವಿಷಯ ಅನ್ನಿಸುವುದಿಲ್ಲ. ಗಾಳಿ, ನೀರು, ಹಕ್ಕಿ, ನನ್ನ ಪಂಚೆಯ ಅಂಚಿಗೆ ಹತ್ತಿದ ಉತ್ತರಾಣಿ, ಚಪ್ಪಲಿಗೆ ಚುಚ್ಚಿದ ನೆಗ್ಗಿಲು, ಎಲ್ಲವೂ ದಿನವಿಡೀ ಜೀವಗಳನ್ನು ಅತ್ತಿಂದಿತ್ತ ಸಾಗಿಸುತ್ತಲೇ ಇರುತ್ತವೆ. ಕಷ್ಟ ಇರುವುದು ನಿಲ್ಲುವುದರಲ್ಲಿ.

ಗಜ್ಜುಗ ಗೊತ್ತಲ್ಲ? ಚಿಕ್ಕವರಿದ್ದಾಗ ಕಲ್ಲಿಗೆ ತಿಕ್ಕಿ, ಬಿಸಿಯಾದ ಮೇಲೆ ಪಕ್ಕದವನ ತೊಡೆಗೆ ತಾಗಿಸಿ ಓಡುತ್ತಿದ್ದೆವು. ಆ ಬೂದು ಕಾಯಿ ಕಲ್ಲಿನಷ್ಟು ಗಟ್ಟಿ, ಆದರೂ ತೇಲುತ್ತದೆ. ಉಷ್ಣ ದೇಶಗಳ ಕರಾವಳಿಯಿಂದ ಸಮುದ್ರಕ್ಕೆ ಬಿದ್ದು, ತೇಲುತ್ತ ತೇಲುತ್ತ ಸ್ಕಾಟ್ಲೆಂಡ್, ನಾರ್ವೆ ದಂಡೆಗೂ ಹೋಗಿ ಬಿದ್ದಿದೆ. ಬೀಜಕ್ಕೆ ಜೀವವೂ ಇರುತ್ತದೆ. ಆದರೆ ಆ ಚಳಿಯಲ್ಲಿ ಗಜ್ಜುಗದ ಬೇಲಿ ಎಲ್ಲಿ ಏಳಬೇಕು? ಶತಮಾನಗಳಿಂದ ಹೋಗುತ್ತಿದೆ, ಒಂದು ಸಲವೂ ನಿಂತಿಲ್ಲ.

ಇದಕ್ಕೆ ತದ್ವಿರುದ್ಧ ಗೋವಕ್ಕಿ. ಎಮ್ಮೆ ಹಿಂದೆ ಓಡಾಡುತ್ತ ಹುಳ ಹೆಕ್ಕುವ ಬೆಳ್ಳಕ್ಕಿ ಇದೆಯಲ್ಲ, ಅದರ ಆಫ್ರಿಕದ ಬಳಗ 19ನೇ ಶತಮಾನದ ಕೊನೆಯಲ್ಲಿ ತಾನೇ ತಾನಾಗಿ ಅಟ್ಲಾಂಟಿಕ್ ಸಾಗರ ದಾಟಿತು. ದಕ್ಷಿಣ ಅಮೆರಿಕದ ಗಯಾನಾ, ಸುರಿನಾಮ್ ಕಡೆ ಸುಮಾರು 1877ರಲ್ಲಿ ಮೊದಲು ಕಂಡಿತು. 1941ಕ್ಕೆ ಫ್ಲೋರಿಡಾ ಮುಟ್ಟಿತು, 1953ರಲ್ಲಿ ಅಲ್ಲಿ ಗೂಡು ಕಟ್ಟಿತು. ಆಮೇಲೆ ಇಡೀ ಖಂಡವೇ ಅದರದ್ದು. ನನಗನ್ನಿಸುವಂತೆ ಗಾಳಿಗೆ ಸಿಕ್ಕ ಗೋವಕ್ಕಿಗಳು ಅದಕ್ಕೂ ಸಾವಿರ ವರ್ಷ ಮೊದಲಿಂದ ಆಗೊಮ್ಮೆ ಈಗೊಮ್ಮೆ ಆ ಕಡೆ ಹೋಗಿ ಬಿದ್ದಿರಬೇಕು. ಆದರೆ ಅಲ್ಲಿ ದನ ಇರಲಿಲ್ಲ, ದಟ್ಟ ಕಾಡಿತ್ತು. ಯುರೋಪಿನವರು ಹೋಗಿ ಕಾಡು ಕಡಿದು, ದನ ಮೇಯಿಸಿ, ಹುಲ್ಲುಗಾವಲು ಮಾಡಿದ ಮೇಲೆ ಬಂದ ಹಕ್ಕಿಗೆ ಊಟ ಬಡಿಸಿಟ್ಟ ಹಾಗಾಯಿತು.

ಏನೂ ಇಲ್ಲದ ಜಾಗದಲ್ಲಿ ಜೀವ ಹೇಗೆ ಶುರುವಾಗುತ್ತದೆ ಅನ್ನುವುದಕ್ಕೆ ಎರಡು ಜ್ವಾಲಾಮುಖಿ ದ್ವೀಪಗಳನ್ನು ವಿಜ್ಞಾನಿಗಳು ಬಿಡದೆ ನೋಡುತ್ತ ಬಂದಿದ್ದಾರೆ. ಒಂದು ನಮ್ಮ ಹಾಗೇ ಬಿಸಿ ನಾಡಿನದ್ದು, ಜಾವಾ ಮತ್ತು ಸುಮಾತ್ರಾ ನಡುವಿನ ಕ್ರಕಟೋವಾ. 1883ರ ಆಗಸ್ಟ್ 27ರಂದು ಅದು ಸಿಡಿಯಿತು. ದ್ವೀಪದ ಬಹುಭಾಗ ಸಮುದ್ರ ಸೇರಿತು, ಉಳಿದ ತುಂಡಿನ ಮೇಲೆ ಆಳುದ್ದಕ್ಕೂ ಮೀರಿದ ಬಿಸಿ ಬೂದಿ. ಒಂಬತ್ತು ತಿಂಗಳಾದ ಮೇಲೆ, 1884ರ ಮೇ ತಿಂಗಳಲ್ಲಿ, ಫ್ರೆಂಚ್ ತಂಡವೊಂದು ಅಲ್ಲಿ ಇಳಿಯಿತು. ಎಡ್ಮಂಡ್ ಕೊಟ್ಟೊ ಎಂಬಾತ ಎಷ್ಟು ಹುಡುಕಿದರೂ ಸಿಕ್ಕಿದ್ದು ಒಂದೇ ಜೀವ. ಸಣ್ಣದೊಂದು ಜೇಡ. ಅದು ಬಲೆ ಹೆಣೆಯುತ್ತಿತ್ತು. ಹಿಡಿಯಲು ನೊಣವೂ ಇಲ್ಲದ ಕಡೆ ಬಲೆ! ಅದು ಅಲ್ಲಿಗೆ ಬಂದಿದ್ದೂ ಗಾಳಿಯಲ್ಲೇ. ಜೇಡದ ಮರಿಗಳು ಹುಲ್ಲಿನ ತುದಿ ಹತ್ತಿ ನೂಲಿನ ಎಳೆ ಬಿಟ್ಟು, ಅದು ಗಾಳಿಪಟದಂತೆ ಎತ್ತಿದಾಗ ಹಾರಿಹೋಗುತ್ತವೆ. ಬೀಗಲ್ ಹಡಗಿನಲ್ಲಿದ್ದಾಗ ಡಾರ್ವಿನ್, ದಡದಿಂದ ನೂರು ಕಿಲೋಮೀಟರ್ ಆಚೆ ಹಗ್ಗಗಳ ಮೇಲೆಲ್ಲ ಅಂಥ ಜೇಡಗಳು ಇಳಿದಿದ್ದನ್ನು ಕಂಡಿದ್ದರು.

1886ರಲ್ಲಿ ಟ್ರೂಬ್ ಎಂಬ ಸಸ್ಯವಿಜ್ಞಾನಿ ಹೋದಾಗ ಬೂದಿಯ ಮೇಲೆ ತೆಳ್ಳನೆ ಪಾಚಿ ಪದರ, ಅದರ ಮೇಲೆ ಜರಿಗಿಡಗಳು. ಜರಿಗಿಡದ ಬೀಜಕಣ ಧೂಳಿಗಿಂತ ಹಗುರ, ಅವು ಮೊದಲು ಬಂದಿದ್ದರಲ್ಲಿ ಆಶ್ಚರ್ಯವಿಲ್ಲ. ದಂಡೆಯಲ್ಲಿ ಸಮುದ್ರ ತಂದ ಬೀಜಗಳು ಮೊಳೆತವು. ಆಮೇಲೆ ಹುಲ್ಲು. 1889ರ ಹೊತ್ತಿಗೆ ನೀರುಡ ಈಜಿ ಬಂದಿತ್ತು, 1908ಕ್ಕೆ ಹೆಬ್ಬಾವು. 1920ರ ದಶಕ ಮುಗಿಯುವಾಗ ದ್ವೀಪದ ಮೇಲೆ ಕಾಡು ಮುಚ್ಚಿಕೊಂಡಿತ್ತು. ಆದರೂ ನೆಲದ ಮೇಲೆ ಓಡಾಡುವ ಸಸ್ತನಿಗಳಲ್ಲಿ ಇಲಿ ಬಿಟ್ಟು ಬೇರೆ ಯಾವುದೂ ಅಲ್ಲಿ ನೆಲೆ ಊರಿಲ್ಲ. ಹಾರುವ ಬಾವಲಿ ಮಾತ್ರ ಧಾರಾಳ. ಎಲ್ಲವೂ ಸತ್ತಿದ್ದವು ಅಂತ ಹೇಗೆ ಹೇಳುತ್ತೀರಿ, ಬೂದಿಯ ಅಡಿ ಒಂದೆರಡು ಬೇರು ಉಳಿದಿರಬಾರದೇಕೆ ಅಂತ ಬಾಕರ್ ಎಂಬ ಸಸ್ಯವಿಜ್ಞಾನಿ 1929ರಲ್ಲಿ ದೊಡ್ಡ ತಗಾದೆ ತೆಗೆದರು. ಇಂಥ ತಗಾದೆಯವರು ಒಬ್ಬರಾದರೂ ಇರಬೇಕು.

ಇನ್ನೊಂದು ದ್ವೀಪ ಚಳಿ ನಾಡಿನ ಸುರ್ಟ್ಸೆ. 1963ರ ನವೆಂಬರ್‌ನಲ್ಲಿ ಐಸ್‌ಲ್ಯಾಂಡ್‌ನ ದಕ್ಷಿಣಕ್ಕೆ ಸಮುದ್ರದಿಂದ ಎದ್ದಿತು. ಇದು ಹೊಚ್ಚಹೊಸ ನೆಲ, ಬೇರು ಉಳಿದಿತ್ತು ಅನ್ನುವ ಪ್ರಶ್ನೆಯೇ ಇಲ್ಲ. ವಿಜ್ಞಾನಿಗಳನ್ನು ಬಿಟ್ಟು ಯಾರೂ ಕಾಲಿಡುವಂತಿಲ್ಲ. ಮೊದಲ 20 ವರ್ಷದಲ್ಲಿ ಬಂದ ಸಸ್ಯಗಳು ಸುಮಾರು 20 ಬಗೆ, ನಿಂತವು ಹತ್ತೇ. ಬರೀ ಮರಳು, ಕಲ್ಲು, ಗೊಬ್ಬರ ಇಲ್ಲ. 1980ರ ದಶಕದಲ್ಲಿ ಕಡಲಕ್ಕಿಗಳು ಹಿಂಡು ಹಿಂಡಾಗಿ ಗೂಡು ಹಾಕತೊಡಗಿದವು. ಹಿಕ್ಕೆ ಬಿದ್ದಲ್ಲೆಲ್ಲ ಹಸಿರೆದ್ದಿತು, ಸಸ್ಯಗಳ ಲೆಕ್ಕ ಸರಸರನೆ ಏರಿತು. ಹಕ್ಕಿ ಬೀಜವನ್ನೂ ತಂದಿತು, ಗೊಬ್ಬರವನ್ನೂ ತಂದಿತು. ಅಲ್ಲಿಯ ಒಂದು ತಮಾಷೆ ಹೇಳದೆ ಇರಲಾರೆ. ಒಮ್ಮೆ ಲಾವಾದ ಸಂದಿಯಲ್ಲಿ ಯಾರಿಗೂ ಪರಿಚಯವಿಲ್ಲದ ಸಸಿಯೊಂದು ಕಂಡಿತು. ಹತ್ತಿರ ಹೋಗಿ ನೋಡಿದರೆ ಟೊಮೆಟೊ! ತಂಡದಲ್ಲಿ ಯಾರೋ ಒಬ್ಬರು ಬಯಲುಕಡೆಗೆ ಹೋಗಿ ಬಂದಿದ್ದರು. ನಮ್ಮೂರ ಚರಂಡಿ ಪಕ್ಕ ಟೊಮೆಟೊ ಹುಟ್ಟುವುದೂ ಹೀಗೆಯೇ ತಾನೆ? ಆ ಸಸಿಯನ್ನು ಕಿತ್ತು ಹಾಕಿದರು.

ಹೆಬ್ಬಾವು, ಉಡ ಈಜಬಲ್ಲವು, ಸರಿ. ಈಜಲಾರದವು? ಅವಕ್ಕೆ ತೆಪ್ಪ ಇದೆ. ಇದನ್ನು ಬಹಳ ವರ್ಷ ಊಹೆ ಅಂತಲೇ ತಿಳಿದಿದ್ದರು. 1995ರ ಅಕ್ಟೋಬರ್‌ನಲ್ಲಿ ಕೆರಿಬಿಯನ್‌ನ ಆಂಗ್ವಿಲಾ ದ್ವೀಪದ ದಂಡೆಗೆ, ಎರಡು ಚಂಡಮಾರುತಗಳ ನಂತರ, ಬುಡಮೇಲಾದ ಮರಗಳ ದೊಡ್ಡ ರಾಶಿ ತೇಲಿಬಂತು. ಅದರ ಮೇಲೆ ಹದಿನೈದಕ್ಕೂ ಹೆಚ್ಚು ಹಸಿರು ಇಗುವಾನಾಗಳು. ಆ ದ್ವೀಪದಲ್ಲಿ ಆ ಜಾತಿ ಮೊದಲು ಇರಲೇ ಇಲ್ಲ. ಅವು ಇಳಿದು, ಬದುಕಿ, ಎರಡು ವರ್ಷದ ನಂತರವೂ ಅಲ್ಲಿದ್ದವು. ಒಂದಲ್ಲ, ಹತ್ತಾರು ಒಟ್ಟಿಗೆ ಬಂದಿದ್ದೇ ಅವಕ್ಕೆ ಅನುಕೂಲವಾಯಿತು. ಒಂಟಿ ಗಂಡೋ ಒಂಟಿ ಹೆಣ್ಣೋ ಬಂದರೆ ಕಥೆ ಅಲ್ಲಿಗೇ ಮುಗಿಯುತ್ತದೆ, ಗಪ್ಪಿಯ ಹಾಗೆ ಬಸಿರು ಹೊತ್ತು ಬಂದಿದ್ದರೆ ಮಾತ್ರ ಬೇರೆ.

ಮನುಷ್ಯ ಸಾಗಿಸಿದ್ದರ ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ, ನಿಮ್ಮ ಬದುವಿನ ಮೇಲೇ ಇದೆ. ಕಾಂಗ್ರೆಸ್ ಗಿಡ 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿತ್ತು. ಅಮೆರಿಕದ ಗೋಧಿ ಜೊತೆ ಬಂತು ಅಂತ ಬಹಳ ಜನ ಹೇಳುತ್ತಾರೆ. ಲಂಟಾನವನ್ನು ಚೆಂದದ ಹೂವು ಅಂತ ಬ್ರಿಟಿಷರು ತಂದರು, ಪಿಕಳಾರಗಳು ಅದರ ಹಣ್ಣು ತಿಂದು ಬಂಡೀಪುರ, ಬಿಳಿಗಿರಿ ಬೆಟ್ಟದ ತನಕ ಬಿತ್ತಿದವು. ತೋಟದವರ ನಿದ್ದೆ ಕೆಡಿಸಿರುವ ಆಫ್ರಿಕದ ದೈತ್ಯ ಬಸವನಹುಳುವನ್ನು 1847ರಲ್ಲಿ ವಿಲಿಯಂ ಬೆನ್ಸನ್ ಎಂಬ ಶಂಖಪ್ರೇಮಿ ಮಾರಿಷಸ್‌ನಿಂದ ತಂದು ಕಲ್ಕತ್ತೆಯ ತೋಟವೊಂದರಲ್ಲಿ ಬಿಟ್ಟಿದ್ದು. ಇದರಲ್ಲಿ ನನಗೆ ಇಷ್ಟದ ಕಥೆ ಕಾಂಗ್ರೆಸ್ ಗಿಡದ ಹಿಂದೆ ಬಂದ ಜೀರುಂಡೆಯದು. ಅದನ್ನು ಮೆಕ್ಸಿಕೋದಿಂದ ತರಿಸಿ, ಪರೀಕ್ಷೆ ಮಾಡಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಮೂರ್ನಾಲ್ಕು ವರ್ಷ ಅದು ಎಲ್ಲಿದೆ ಅಂತ ಹುಡುಕಬೇಕಿತ್ತು. ಕೆಲಸ ಕೆಟ್ಟಿತು ಅಂದುಕೊಳ್ಳುವಾಗಲೇ ಎದ್ದಿತು ನೋಡಿ, ಗಿಡಗಳನ್ನು ಬೋಳು ಮಾಡುತ್ತ ಊರೂರು ದಾಟಿತು. ಈಗ ಗಡಿ ದಾಟಿ ನೇಪಾಳ, ಪಾಕಿಸ್ತಾನದಲ್ಲೂ ಇದೆ. ಹೊಸಬರು ಹೀಗೆ ಕೆಲ ಕಾಲ ಸುಮ್ನೆ ಇದ್ದು ಆಮೇಲೆ ಒಮ್ಮೆಲೇ ಉಕ್ಕುವುದು ತುಂಬ ಕಡೆ ಕಾಣುತ್ತದೆ. ನಿಮ್ಮ ಹೊಂಡದಲ್ಲಿ ನಾಳೆ ನೀಲಿ ಹೂವಿನ ತೇಲುಗಿಡ ಒಂದೇ ಒಂದು ಕಂಡರೂ, ಚೆನ್ನಾಗಿದೆ ಅಂತ ಬಿಡಬೇಡಿ. ಅದು ದಕ್ಷಿಣ ಅಮೆರಿಕದ ಕತ್ತೆಕಿವಿ ಕಳೆ, ಕೆರೆಗಳನ್ನೇ ನುಂಗಿರುವ ಆಸಾಮಿ. ಒಂದಿದ್ದಾಗಲೇ ಎತ್ತಿ ಒಣ ನೆಲಕ್ಕೆ ಎಸೆಯಿರಿ.

ಕೊನೆಗೆ ಅರಳಿ. ಬೀಜ ತಂದವರು ಯಾರು ಅಂತ ಊಹಿಸುವುದು ಕಷ್ಟವಲ್ಲ. ಕುಟ್ರು ಹಕ್ಕಿ, ಕೋಗಿಲೆ, ಮೈನಾ, ಬಾವಲಿ, ಇವರಲ್ಲಿ ಯಾರೋ ಒಬ್ಬರು ಹಣ್ಣು ತಿಂದು ನಿಮ್ಮ ಗೋಡೆಯ ಮೇಲೆ ಕೂತು ಹೋಗಿದ್ದಾರೆ. ಬೀಜ ಗಸಗಸೆಗಿಂತ ದೊಡ್ಡದಿಲ್ಲ, ಬಿರುಕಿಗೆ ಇಳಿಯಲು ಹೇಳಿ ಮಾಡಿಸಿದ ಹಾಗಿದೆ. ಗೋಡೆಯೇ ಯಾಕೆ? ಕಾಡಿನಲ್ಲಿ ಅರಳಿ, ಆಲ, ಬಸರಿ ಹುಟ್ಟುವುದೇ ಬೇರೆ ಮರಗಳ ಕವಲಿನಲ್ಲಿ. ಕೆಳಗೆ ಕತ್ತಲು, ಮೇಯುವ ದನ, ಬೆಂಕಿ. ಮೇಲೆ ಬೆಳಕಿದೆ. ಚೂರು ಕಸ, ಚೂರು ತೇವ ಸಿಕ್ಕರೆ ಬದುಕುವುದನ್ನು ಅವು ಕಲಿತಿವೆ. ಈಚಲು ಮರದ ತಲೆಯಲ್ಲಿ ಅರಳಿ ಎದ್ದಿರುವುದನ್ನು ನೀವೇ ನೋಡಿರುತ್ತೀರಿ. ಅದರ ಕಣ್ಣಿಗೆ ನಿಮ್ಮ ಪಂಪ್‌ಮನೆ ಇನ್ನೊಂದು ಮರ, ಅಷ್ಟೇ.

ಆದರೆ ಅರಳಿ ಹೊಸ ನಾಡಿನಲ್ಲಿ ನಿಲ್ಲಬೇಕಾದರೆ ಅದೊಂದೇ ಬಂದರೆ ಸಾಲದು. ಅತ್ತಿ, ಆಲ, ಅರಳಿ ಬಳಗದ ಹೂವು ಕಾಯಿಯ ಒಳಗೇ ಅಡಗಿರುತ್ತದೆ. ಒಂದೊಂದು ಜಾತಿಗೆ ಹೆಚ್ಚುಕಮ್ಮಿ ಅದರದ್ದೇ ಆದ ಒಂದು ಪುಟ್ಟ ಕಣಜ. ಅದು ಒಳಹೊಕ್ಕರೆ ಮಾತ್ರ ಬೀಜ. ಏಷ್ಯಾದ ಆಲದ ಬಳಗದ ಮರಗಳನ್ನು ಫ್ಲೋರಿಡಾದ ಬೀದಿಗಳಲ್ಲಿ ನೆರಳಿಗೆಂದು ನೆಟ್ಟಿದ್ದರು. ಎಷ್ಟೋ ವರ್ಷ ಒಂದೂ ಸಸಿ ತಾನಾಗಿ ಹುಟ್ಟಲಿಲ್ಲ. ಆಮೇಲೆ ಹೇಗೋ ಕೆಲವು ಜಾತಿಗಳ ಕಣಜ ಬಂದು ತಲುಪಿತು. ಆ ಜಾತಿಗಳು ಮಾತ್ರ ಗೋಡೆ, ಸೇತುವೆ, ತಾಳೆ ಮರಗಳ ಮೇಲೆಲ್ಲ ಹುಟ್ಟತೊಡಗಿದವು. ಹಾಗಾದರೆ ಕ್ರಕಟೋವಾಕ್ಕೆ ಈ ಬಳಗದ ಇಪ್ಪತ್ತಕ್ಕೂ ಹೆಚ್ಚು ಜಾತಿ ಹೇಗೆ ಬಂದು ನಿಂತವು? ಬೀಜ ಹಕ್ಕಿ, ಬಾವಲಿಗಳ ಹೊಟ್ಟೆಯಲ್ಲಿ ಬಂತು. ಕಣಜ ಗಾಳಿಯಲ್ಲಿ ಬಂತು. ಎರಡು ಮಿಲಿಮೀಟರ್ ಇರುವ, ಒಂದೆರಡು ದಿನ ಬದುಕುವ ಈ ಹುಳ ಮರದ ನೆತ್ತಿಯ ಮೇಲಿನ ಗಾಳಿಗೆ ಮೈಯೊಡ್ಡಿ ಹೊರಡುತ್ತದೆ. ನಮೀಬಿಯಾದ ಮರುಭೂಮಿಯಲ್ಲಿ 160 ಕಿಲೋಮೀಟರ್ ತನಕ ಹೋಗಿ ತನ್ನದೇ ಜಾತಿಯ ಮರ ಹುಡುಕಿದ ದಾಖಲೆ ಇದೆ. ನನ್ನ ಮೊಬೈಲ್‌ನ ಮ್ಯಾಪ್ ಅಷ್ಟು ಸರಿಯಾಗಿ ದಾರಿ ತೋರಿಸಿದ್ದಿಲ್ಲ.

ಈಗ ಕೀಳುವ ವಿಷಯ. ಗಿಡ ಇನ್ನೂ ಗೇಣುದ್ದ ಇದ್ದರೆ ಇವತ್ತೇ ಕೀಳಿ. ಬೇರು ಗಾರೆಯೊಳಗೆ ಇಳಿದು ದಪ್ಪವಾದ ಮೇಲೆ ಗೋಡೆ ಬಿಚ್ಚುತ್ತದೆ, ಹಳೇ ಬಾವಿಗಳ ಕಟ್ಟಡ ಕುಸಿದಿರುವುದು ಹೀಗೆಯೇ. ಮೇಲೆ ಕತ್ತರಿಸಿದರೆ ಪ್ರಯೋಜನವಿಲ್ಲ, ಮತ್ತೆ ಚಿಗುರುತ್ತದೆ. ಮಳೆ ಬಂದು ಗೋಡೆ ನೆನೆದ ಮಾರನೇ ದಿನ, ಬಿರುಕನ್ನು ಸ್ವಲ್ಪ ಬಿಡಿಸಿ ಬೇರು ಸಮೇತ ಮೆಲ್ಲಗೆ ಎಳೆಯಿರಿ. ಆಮೇಲೆ ಬಿರುಕಿಗೆ ಗಾರೆ ಮೆತ್ತಿ. ಮನೆಯವರಿಗೆ ಕೊಂದೆ ಅನ್ನಿಸಬಾರದು ಅಂತಿದ್ದರೆ ಅದಕ್ಕೂ ದಾರಿ ಇದೆ. ಕಿತ್ತ ಸಸಿಯನ್ನು ಒಂದು ಹಳೇ ಡಬ್ಬದಲ್ಲಿ ನೆಟ್ಟು ಎರಡು ತಿಂಗಳು ನೆರಳಲ್ಲಿಡಿ, ಅರಳಿ ಅಷ್ಟು ಸುಲಭಕ್ಕೆ ಸಾಯುವ ಗಿಡವಲ್ಲ. ಚಿಗುರು ಬಂದ ಮೇಲೆ ಹೊಂಡದ ಕಟ್ಟೆಯಿಂದ ಕನಿಷ್ಠ ಮೂವತ್ತು ನಲವತ್ತು ಹೆಜ್ಜೆ ದೂರ ಇಳಿಸಿ, ಇಲ್ಲದಿದ್ದರೆ ಕಟ್ಟೆಯನ್ನೇ ಸೀಳುತ್ತದೆ. ಮೀನಿನ ನೆತ್ತಿಯ ಚುಕ್ಕೆ ನೋಡಿದ ಮೇಲೆ ಒಂದು ಸಾಲು ಬರೆಯಿರಿ.